ಕೇಳುವ ಅಂಗಡಿ

“ಕಾಳಿಂಗನದ್ದು ಉಂಟಾ?”

ಅಂಗಡಿಯ ಮೆಟ್ಟಿಲು ಹತ್ತಿ ಬಂದವರ ಬಾಯಲ್ಲಿ ಒಂದು ಕಾಲದಲ್ಲಿ ಹೆಚ್ಚಾಗಿ ಬರುತ್ತಿದ್ದ ಮೊದಲ ಮಾತು ಇದು. ಉತ್ತರ ಹೇಳುವ ಮೊದಲು ನಾನು ಬಂದವರ ತಲೆಗೂದಲು ನೋಡುತ್ತಿದ್ದೆ. ನರೆತ ತಲೆಯಾದರೆ ಪಿ. ಕಾಳಿಂಗ ರಾವ್, ಕಪ್ಪು ತಲೆಯಾದರೆ ಕಾಳಿಂಗ ನಾವಡ. ಇಬ್ಬರೂ ನಮ್ಮ ಕಡೆಯವರೇ. ಒಬ್ಬರು 1914ರಲ್ಲಿ ಆರೂರಿನಲ್ಲಿ ಹುಟ್ಟಿ, ಕವಿಗಳ ಪದ್ಯಕ್ಕೆ ರಾಗ ಹಚ್ಚಿ, ಅದನ್ನು ನಾಡಿನುದ್ದಕ್ಕೂ ಹಾಡಿಕೊಂಡು ಹೋಗಿ 1981ರಲ್ಲಿ ತೀರಿಕೊಂಡವರು. ಇನ್ನೊಬ್ಬರು ಸಾಲಿಗ್ರಾಮದ ಪಕ್ಕದ ಗುಂಡ್ಮಿಯವರು. ಯಕ್ಷಗಾನದ ಬಡಗುತಿಟ್ಟಿನ ಭಾಗವತಿಕೆಗೆ ಹೊಸ ಹುರುಪು ತಂದು 1990ರ ಮೇ ತಿಂಗಳಲ್ಲಿ, 32ರ ಆಸುಪಾಸಿನ ವಯಸ್ಸಿನಲ್ಲಿ, ರಸ್ತೆ ಅಪಘಾತದಲ್ಲಿ ಹೋಗಿಬಿಟ್ಟವರು.

ಒಮ್ಮೆ ಎಪ್ಪತ್ತು ದಾಟಿದವರೊಬ್ಬರು ಬಂದು ಹೀಗೆಯೇ ಕೇಳಿದರು. ನಾನು ಕಾಳಿಂಗ ರಾಯರನ್ನು ಹಾಕಿದೆ. ಅವರು ಕೊನೆಯವರೆಗೂ ತಾಳ್ಮೆಯಿಂದ ನಿಂತು, “ಇದೂ ಲಾಯ್ಕ ಉಂಟು ಮಾರಾಯ್ರೆ. ಆದ್ರೆ ನಾನು ಕೇಳಿದ್ದು ನಾವಡರದ್ದು” ಎಂದರು. ಅಂದಿನಿಂದ ನೋಡಿ ಊಹಿಸುವುದನ್ನು ಬಿಟ್ಟೆ. ಯಾವ ಕಾಳಿಂಗ ಎಂದು ಕೇಳತೊಡಗಿದೆ.

‘ಕೇಳು’ ಎಂಬ ಮಾತಿನ ಮೇಲೆ ನನ್ನ ಗಮನ ಹೋದದ್ದೂ ಆ ದಿನವೇ. ಹಾಡು ಕೇಳುವುದೂ ಕೇಳುವುದೇ, ಸಾಲ ಕೇಳುವುದೂ ಕೇಳುವುದೇ. ಕಥೆ ಕೇಳುತ್ತೇವೆ, ಕ್ಷೇಮ ಕೇಳುತ್ತೇವೆ, ದಾರಿ ಕೇಳುತ್ತೇವೆ, ಗುಡಿಯಲ್ಲಿ ನಿಂತು ದೇವರನ್ನು ಕೇಳುತ್ತೇವೆ. ನನ್ನ ಮನೆಮಾತಾದ ತುಳುವಿನ ‘ಕೇಣುನಿ’ಯೂ ಹೀಗೆಯೇ ಎರಡು ಅರ್ಥ ಹೊತ್ತ ಮಾತು. ಪಕ್ಕದ ಅಂಗಡಿಯ ಕೊಂಕಣಿ ಗೆಳೆಯರು ಹಾಡು ಕೇಳುವುದಕ್ಕೆ ಒಂದು ಮಾತನ್ನೂ ಬೆಲೆ ಕೇಳುವುದಕ್ಕೆ ಇನ್ನೊಂದನ್ನೂ ಬಳಸುತ್ತಾರೆ. ಕಿವಿ ಮಾಡುವ ಕೆಲಸಕ್ಕೂ ಬಾಯಿ ಮಾಡುವ ಕೆಲಸಕ್ಕೂ ನಮ್ಮ ಹಿರಿಯರು ಒಂದೇ ಹೆಸರು ಯಾಕಿಟ್ಟರು? ಮಾತು ಸಾಲದೆ ಇಟ್ಟದ್ದಂತೂ ಇರಲಾರದು; ಭತ್ತದ ಒಂದೊಂದು ಅವಸ್ಥೆಗೂ ಬೇರೆ ಬೇರೆ ಹೆಸರಿಟ್ಟ ಜನ ಅವರು. ಈ ಪ್ರಶ್ನೆಯನ್ನು ಇಟ್ಟುಕೊಂಡೇ ನಾನು ಇಷ್ಟು ವರ್ಷ ಅಂಗಡಿಯ ಬಾಗಿಲು ತೆರೆದಿದ್ದೇನೆ.

ಅಂಗಡಿ ಹಾಕಿದ್ದು 1986ರಲ್ಲಿ, ಉಡುಪಿಯ ಬಸ್‌ಸ್ಟ್ಯಾಂಡಿನಿಂದ ರಥಬೀದಿಗೆ ಹೋಗುವ ದಾರಿಯ ಒಂದು ಮಾಳಿಗೆಯಲ್ಲಿ. ಹುಚ್ಚು ಹಿಡಿದದ್ದು ಅದಕ್ಕಿಂತ ಬಹಳ ಮೊದಲು, ಕಾಪುವಿನ ಮನೆಯಲ್ಲಿ. ಅಪ್ಪ ಮುಂಬೈಯ ಮಾಟುಂಗದ ಹೋಟೆಲೊಂದರಲ್ಲಿ ಗಲ್ಲಾಪೆಟ್ಟಿಗೆಗೆ ಕೂರುತ್ತಿದ್ದರು. ಒಂದು ವರ್ಷ ಊರಿಗೆ ಬರುವಾಗ ಚೋರ್ ಬಜಾರಿನಿಂದ ಕೀ ಕೊಡುವ ಎಚ್‌ಎಂವಿ ಗ್ರಾಮಾಫೋನ್ ಪೆಟ್ಟಿಗೆಯನ್ನೂ ಹನ್ನೊಂದು ಪ್ಲೇಟುಗಳನ್ನೂ ಹೊತ್ತು ತಂದರು. ಕಡಲ ಗಾಳಿಗೆ ಅದರ ಸ್ಪ್ರಿಂಗು ಎರಡೇ ಮಳೆಗಾಲದಲ್ಲಿ ತುಕ್ಕು ಹಿಡಿಯಿತು. ಕೀ ಇಳಿಯುತ್ತಿದ್ದಂತೆ ಹೆಂಗಸಿನ ಸ್ವರ ದಪ್ಪವಾಗುತ್ತಾ ಗಂಡಸಿನದಾಗಿ, ಆಮೇಲೆ ಯಾರದ್ದೂ ಅಲ್ಲದ್ದಾಗಿ ನಿಂತುಹೋಗುತ್ತಿತ್ತು. ನಾವು ಮಕ್ಕಳು ಓಡಿ ಹೋಗಿ ಮತ್ತೆ ಕೀ ಕೊಡುತ್ತಿದ್ದೆವು.

ಆ ಪೆಟ್ಟಿಗೆಗೆ ಉಕ್ಕಿನ ಮುಳ್ಳು. ನಿಯಮದಂತೆ ಒಂದು ಬದಿ ಹಾಡಿಸಿದ ಮೇಲೆ ಮುಳ್ಳು ಬದಲಿಸಬೇಕು. ಅಪ್ಪ ಒಂದೇ ಮುಳ್ಳಿನಲ್ಲಿ ಹತ್ತು ಸಲ ಹಾಡಿಸುತ್ತಿದ್ದರು, ದುಡ್ಡು ಉಳಿಯಲಿ ಎಂದು. ಸವೆದ ಮುಳ್ಳು ಹಾಡನ್ನೇ ಕೆರೆದು ತೆಗೆಯುತ್ತದೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ನಿಯಮ ಪಾಲಿಸಿದರೂ ಅಷ್ಟೆ. ಪ್ರತಿ ಸಲ ಕೇಳಿದಾಗಲೂ ಆ ಹಾಡು ಕೂದಲೆಳೆಯಷ್ಟು ಸವೆಯುತ್ತದೆ. ಇವತ್ತು ಸಾವಿರ ಸಲ ಕೇಳಿದರೂ ಸವೆಯದ ಹಾಡು ಎಲ್ಲರ ಜೇಬಿನಲ್ಲಿದೆ. ಅದು ದೊಡ್ಡ ಭಾಗ್ಯ, ನಾನು ಅಲ್ಲಗಳೆಯುವುದಿಲ್ಲ. ಆದರೆ ಸವೆಯುವ ಹಾಡಿನ ಮುಂದೆ ಕುಳಿತವನ ಕಿವಿ ಬೇರೆಯೇ ಇರುತ್ತಿತ್ತು. ಮನೆಯಲ್ಲಿ ಪ್ಲೇಟು ಹಾಕುವ ಮೊದಲು ಅಪ್ಪ, “ಎಲ್ಲರೂ ಬಂದ್ರಾ?” ಎಂದು ಕೇಳಿಯೇ ಮುಳ್ಳು ಇಳಿಸುತ್ತಿದ್ದರು.

ಪ್ಲೇಟು ಅರಗಿನದು. ಅರಗಿನ ಹುಳ ಮರದ ಕೊಂಬೆಗೆ ಮೆತ್ತಿದ ಅಂಟನ್ನು ಕಾಯಿಸಿ, ಕಲ್ಲಿನ ಪುಡಿ ಬೆರೆಸಿ ಒತ್ತಿದ ತಟ್ಟೆ. ಅದನ್ನು ಸ್ಪಿರಿಟ್ ಹಾಕಿ ಒರೆಸಬಾರದು, ಅರಗು ಕರಗಿ ಹಾಡು ಅಳಿಸಿಹೋಗುತ್ತದೆ. ಆಮೇಲೆ ಬಂದ ವಿನೈಲ್ ಎಲ್‌ಪಿಗೆ ಸ್ಪಿರಿಟ್ಟಿನಿಂದ ಅಷ್ಟು ಭಯವಿಲ್ಲ. ವರ್ಷಕ್ಕೆ 4,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಇವನ್ನೆಲ್ಲ ಇಟ್ಟುಕೊಳ್ಳುವುದು ಹಸುಗೂಸು ಸಾಕಿದ ಹಾಗೆ. ಜೂನ್ ಬಂತೆಂದರೆ ಕಪಾಟಿನ ತಳದಲ್ಲಿ 40 ವಾಟಿನ ಬಲ್ಬು ಉರಿಸಿಡುತ್ತೇನೆ. ಒಂದು ವಾರ ಮರೆತರೆ ಪ್ಲೇಟಿನ ಮೇಲೆ ಬಿಳಿ ಬೂಸ್ಟು. ಅಂಥ ಮಧ್ಯಾಹ್ನಗಳಲ್ಲಿ ಗಿರಾಕಿ ಇರುವುದಿಲ್ಲ. ಮೆತ್ತನೆಯ ಬಟ್ಟೆ ಒದ್ದೆ ಮಾಡಿಕೊಂಡು ಒಂದೊಂದನ್ನೇ ಒರೆಸುತ್ತಾ ಕೂರುತ್ತೇನೆ.

ಹಾಗೆ ಒರೆಸುವಾಗ ಹೊಳೆದ ಒಂದು ಸಂಗತಿ. 1902ರ ನವೆಂಬರಿನಲ್ಲಿ ಕಲ್ಕತ್ತದಲ್ಲಿ ಗೌಹರ್ ಜಾನ್ ಹಾಡಿದ ಧ್ವನಿಮುದ್ರಿಕೆಗಳ ಕೊನೆಯಲ್ಲಿ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುತ್ತಾಳೆ. ಪ್ಲೇಟು ಒತ್ತುವ ಕಾರ್ಖಾನೆ ಆಗ ಜರ್ಮನಿಯ ಹ್ಯಾನೋವರಿನಲ್ಲಿತ್ತು. ಅಲ್ಲಿಯವರಿಗೆ ಇದು ಯಾರದ್ದೆಂದು ಗೊತ್ತಾಗಲಿ, ಸರಿಯಾದ ಚೀಟಿ ಅಂಟಿಸಲಿ ಎಂದು. ನಮ್ಮ ಊರಿನ ಹಾಡುಗಳಿಗೆ ಈ ಪದ್ಧತಿ ಹೊಸತಲ್ಲ. ವಾದಿರಾಜರ ಪದದ ಕೊನೆಯಲ್ಲಿ ಹಯವದನ ಬರುತ್ತಾನೆ, ಪುರಂದರದಾಸರ ಪದದಲ್ಲಿ ಪುರಂದರ ವಿಠಲ. ಒಂದು ವ್ಯತ್ಯಾಸ ಮಾತ್ರ ಉಂಟು. ಗೌಹರ್ ಜಾನ್ ಹೇಳಿದ್ದು ಹಾಡಿದವಳ ಹೆಸರನ್ನು. ದಾಸರು ಇಟ್ಟದ್ದು ಯಾರು ಕೇಳಬೇಕೋ ಅವನ ಹೆಸರನ್ನು. ಹಾಡಿನ ಮೇಲೆ ಚೀಟಿ ಅಂಟಿಸುವುದೇ ನನ್ನ ಉದ್ಯೋಗವಾದ್ದರಿಂದ ಈ ಎರಡನೆಯ ಕ್ರಮ ನನ್ನನ್ನು ತುಂಬ ದಿನ ಕಾಡಿತು. ಹಾಡು ನಿಜವಾಗಿ ಯಾರ ಹೆಸರಿನಲ್ಲಿ ಇರಬೇಕಾದದ್ದು?

ಅಂಗಡಿಗೆ ಅನ್ನ ಕೊಟ್ಟದ್ದು ಪ್ಲೇಟಲ್ಲ, ಕ್ಯಾಸೆಟ್ಟು. ಫಿಲಿಪ್ಸ್ ಕಂಪೆನಿ 1963ರಲ್ಲಿ ಹೊರತಂದ ಆ ಪುಟ್ಟ ಡಬ್ಬಿ ನಮ್ಮ ಕರಾವಳಿಯನ್ನು ಹೊಕ್ಕದ್ದು ಗಲ್ಫಿನ ಬಾಗಿಲಿನಿಂದ. ದುಬೈ, ಬಹ್ರೈನ್, ಕುವೈತಿಗೆ ಹೋದ ಹುಡುಗರು ರಜೆಗೆ ಬರುವಾಗ ಟೂ-ಇನ್-ವನ್ ತಂದರು. ಪ್ಲೇಟು ಕೇಳಿಸುತ್ತಿತ್ತಷ್ಟೆ, ಈ ಪೆಟ್ಟಿಗೆ ತಾನೂ ಕೇಳುತ್ತಿತ್ತು. ಕೆಂಪು ಗುಂಡಿ ಒತ್ತಿದರೆ ಮನೆಯವರ ಮಾತು, ಕೋಳಿಯ ಕೂಗು, ಭಜನೆ, ಜಗಳ ಎಲ್ಲವೂ ಒಳಗೆ. ಕಾಗದ ಬರೆಯಲು ಬಾರದ ತಾಯಂದಿರು ಕ್ಯಾಸೆಟ್ಟಿನಲ್ಲಿ ಮಾತಾಡಿ ಮಗನಿಗೆ ಕಳಿಸಿದರು. ಯಕ್ಷಗಾನದ ಅಭಿಮಾನಿಗಳು ರಾತ್ರಿ ಹತ್ತಕ್ಕೆ ಮೈಕ್‌ಸೆಟ್ಟಿನವನನ್ನು ಒಲಿಸಿಕೊಂಡು ರಂಗಸ್ಥಳದ ಪಕ್ಕ ಪೆಟ್ಟಿಗೆ ಇಟ್ಟು ಕೂತರು. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಬೆಳಗಿನ ತನಕದ ಆಟಕ್ಕೆ 90 ನಿಮಿಷದ ಕ್ಯಾಸೆಟ್ ಆರಾದರೂ ಬೇಕು. ಮೂರು ನಿಮಿಷದ ಪ್ಲೇಟಿನಲ್ಲಿ ಎಂದೂ ಹಿಡಿಸಲಾರದ ನಮ್ಮ ಇಡೀ ರಾತ್ರಿ ಮೊದಲ ಸಲ ಮನೆಗೆ ಬಂತು. ತಾಳಮದ್ದಲೆಯಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾದ, ದೇರಾಜೆ ಸೀತಾರಾಮಯ್ಯನವರ ಮಾತಿನ ಹದ ರಿಕ್ಷಾದಲ್ಲೂ ಎಣ್ಣೆ ಗಾಣದಲ್ಲೂ ಕೇಳಿಬಂದವು. ಬೆಂಗಳೂರಿನಿಂದ ‘ನಿತ್ಯೋತ್ಸವ’ದಂಥ ಭಾವಗೀತೆಯ ಕ್ಯಾಸೆಟ್ಟುಗಳು, ವಿದ್ಯಾಭೂಷಣರ ದಾಸರ ಪದಗಳು, 1987ರಲ್ಲಿ ‘ಪ್ರೇಮಲೋಕ’. ಆ ವರ್ಷ ಅಂಗಡಿಯಲ್ಲಿ ನನಗೆ ಊಟಕ್ಕೆ ಹೋಗಲು ಪುರುಸೊತ್ತಿರಲಿಲ್ಲ.

ಆದರೆ ನಾನು ಹುಟ್ಟಿನಿಂದ ವ್ಯಾಪಾರಿಯಲ್ಲ, ಕೂಡಿಡುವವನು. ಕೂಡಿಡುವವನು ಅಂಗಡಿ ಹಾಕಿದರೆ ಏನಾಗುತ್ತದೆ ಎಂದು ಹೇಳಲೇಬೇಕು. ಗಿರಾಕಿ ಒಳ್ಳೆಯದನ್ನು ಕೇಳಿದಾಗ ಸಂತೋಷವೂ ಆಗುತ್ತದೆ, ಕೊಡಲು ಕೈಯೂ ಬರುವುದಿಲ್ಲ.

ಕಾರ್ಕಳದ ಗೊಮ್ಮಟನ ಬಗ್ಗೆ ನಮ್ಮಲ್ಲಿ ಒಂದು ಪಾಡ್ದನ, ಅಂದರೆ ತುಳುವಿನ ಕಥನಗೀತೆ, ಉಂಟು. 42 ಅಡಿಯ ಆ ಮೂರ್ತಿಯನ್ನು ಕಡೆದವನು ಕಲ್ಕುಡ. ಕೆಲಸ ಮುಗಿದ ಮೇಲೆ ಅರಸನಿಗೆ ಭಯ ಹುಟ್ಟಿತು: ಇವನು ಇಂಥದ್ದನ್ನೇ ಇನ್ನೊಬ್ಬರಿಗೂ ಕಡೆದು ಕೊಟ್ಟರೆ? ಕಲ್ಕುಡನ ಒಂದು ಕೈಯನ್ನೂ ಒಂದು ಕಾಲನ್ನೂ ಕಡಿಸಿದ. ಕಲ್ಕುಡ ಉಳಿದ ಒಂದೇ ಕೈಯಲ್ಲಿ ವೇಣೂರಿನಲ್ಲಿ ಇನ್ನೊಬ್ಬ ಗೊಮ್ಮಟನನ್ನು ಎಬ್ಬಿಸಿದ. ಕಾರ್ಕಳದ್ದು 1432ರ ಮೂರ್ತಿ, ವೇಣೂರಿನದ್ದು 1604ರದ್ದು. ನಡುವೆ 172 ವರ್ಷ. ಇತಿಹಾಸಕ್ಕೆ ಇದು ಒಪ್ಪಿಗೆಯಾಗದು. ಪಾಡ್ದನ ಲೆಕ್ಕ ಹಾಕಿದ್ದು ವರ್ಷವನ್ನಲ್ಲ, ಆ ಅರಸನ ಮನಸ್ಸನ್ನು. ‘ನನ್ನಲ್ಲಿರುವುದು ಬೇರೆ ಯಾರಲ್ಲೂ ಇರಬಾರದು.’ ಕೂಡಿಡುವವರ ಎದೆಯಲ್ಲಿ ಈ ಅರಸ ಕುಳಿತಿರುತ್ತಾನೆ. ನನ್ನಲ್ಲೂ ಕುಳಿತಿದ್ದ.

ನನ್ನ ಹತ್ತಿರ ಹಳೆಯ ನಾಟಕದ ಹಾಡಿನ ಒಂದು ಪ್ಲೇಟು ಇತ್ತು. ಅಂಥದ್ದು ಇನ್ನೊಂದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಕುಂದಾಪುರದ ಕಡೆಯ ವೃದ್ಧ ಹಾರ್ಮೋನಿಯಂ ವಾದಕರೊಬ್ಬರು ಯಾರಿಂದಲೋ ಸುದ್ದಿ ತಿಳಿದು ಬಂದರು. ಎಳೆಯ ವಯಸ್ಸಿನಲ್ಲಿ ಕಂಪೆನಿ ನಾಟಕದಲ್ಲಿ ಆ ಹಾಡಿಗೆ ಪೆಟ್ಟಿಗೆ ಬಾರಿಸಿದವರಂತೆ. “ಕೊಡೂದು ಬೇಡ ಮಾರಾಯ್ರೆ, ಒಂದ್ಸಲ ಕೇಳಿಸಿ, ಸಾಕು” ಎಂದರು. ಹಳೆಯ ಮುಳ್ಳು ಅದನ್ನು ಸವೆಸೀತು ಎಂಬ ನೆವ ನನ್ನ ಮನಸ್ಸಿನಲ್ಲಿತ್ತು. ಬಾಯಿ ಹೇಳಿದ್ದು, ಹುಡುಕಿದರೂ ಸಿಗುತ್ತಿಲ್ಲ ಎಂದು. ಪ್ಲೇಟು ನನ್ನ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು. ಅವರು ಎದ್ದು ನಮಸ್ಕಾರ ಹೇಳಿ ಹೋದರು. ಎರಡು ಮಳೆಗಾಲ ಕಳೆದ ಮೇಲೆ ಗೆದ್ದಲು ತಿಂದ ಹಲಗೆ ಕುಸಿದು ಆ ಪ್ಲೇಟು ನಾಲ್ಕು ಚೂರಾಯಿತು. ಅಷ್ಟರಲ್ಲಿ ಅವರೂ ಇರಲಿಲ್ಲ. ಆ ಹಾಡು ಈಗ ಉಳಿದಿರುವುದು ನನ್ನ ತಲೆಯೊಳಗೆ, ಅದೂ ತಪ್ಪುತಪ್ಪಾಗಿ. ಅದನ್ನು ಕೇಳುವ ಹಕ್ಕು ನನಗಿಂತ ಹೆಚ್ಚು ಇದ್ದವರನ್ನು ನಾನು ಬರಿಗಿವಿಯಲ್ಲಿ ಕಳಿಸಿದೆ.

ಇದಕ್ಕಿಂತ ಭಾರವಾದದ್ದು ಇನ್ನೊಂದಿದೆ.

1993ರ ಮಳೆಗಾಲ. ಬೇಕಾದ ಹಾಡುಗಳ ಪಟ್ಟಿ ಬರೆದು ಕೊಟ್ಟರೆ ಕ್ಯಾಸೆಟ್ಟಿಗೆ ತುಂಬಿಸಿ ಕೊಡುವುದು ಆಗ ಎಲ್ಲ ಅಂಗಡಿಗಳ ಕೆಲಸವಾಗಿತ್ತು. ಕಾಲೇಜು ಹುಡುಗನೊಬ್ಬ ಹೆಸರು ಬರೆಯದ 60 ನಿಮಿಷದ ಹಳೆಯ ಕ್ಯಾಸೆಟ್ಟನ್ನೂ ಹನ್ನೊಂದು ಸಿನಿಮಾ ಹಾಡುಗಳ ಚೀಟಿಯನ್ನೂ ಕೊಟ್ಟು ಹೋದ. ಹಳೆಯ ಕ್ಯಾಸೆಟ್ ಬಂದರೆ ಮೊದಲು ಸ್ವಲ್ಪ ಹಾಕಿ ನೋಡಬೇಕು, ಇದರಲ್ಲಿರುವುದು ಬೇಡವೇ ಎಂದು ಕೇಳಬೇಕು. ಅದು ನಾನೇ ಮಾಡಿಕೊಂಡಿದ್ದ ಕ್ರಮ. ಆ ದಿನ ಅಂಗಡಿ ತುಂಬ ಜನ. ಹಾಕಿ ನೋಡಲಿಲ್ಲ. ಹನ್ನೊಂದು ಹಾಡು ಮುಗಿದ ಮೇಲೆ ಹತ್ತು ನಿಮಿಷದ ಜಾಗ ಉಳಿಯಿತು. ಖಾಲಿ ಬಿಡುವುದೇಕೆ, ಹುಡುಗನಿಗೆ ಖುಷಿಯಾಗಲಿ ಎಂದು ನಾನೇ ಎರಡು ಹಾಡು ಹೆಚ್ಚು ಹಾಕಿದೆ.

ಹತ್ತು ದಿನದ ಮೇಲೆ ಅವನ ತಾಯಿ ಬಂದರು. ಕಾರ್ಕಳ ತಾಲೂಕಿನ ನಂದಳಿಕೆಯ ಕಡೆಯವರು. ಕೊಡೆ ಮಡಚಿ ಮೂಲೆಗಿಟ್ಟು, ಕೈಚೀಲದಿಂದ ಆ ಕ್ಯಾಸೆಟ್ ತೆಗೆದು ಮೇಜಿನ ಮೇಲಿಟ್ಟರು. ಅವರ ತಾಯಿ ನೇಜಿ ನೆಡುವಾಗ ಪಾಡ್ದನ ಹೇಳುತ್ತಿದ್ದವರು. ಬಹ್ರೈನಿನಿಂದ ರಜೆಗೆ ಬಂದಿದ್ದ ಅಣ್ಣ ಒಂದು ಮಧ್ಯಾಹ್ನ ಚಾವಡಿಯಲ್ಲಿ ಅವರನ್ನು ಕೂರಿಸಿ ಸಿರಿಯ ಪಾಡ್ದನ ಹೇಳಿಸಿ ಹಿಡಿದುಕೊಂಡಿದ್ದ. ಆ ತಾಯಿ ತೀರಿಕೊಂಡು ಒಂದು ವರ್ಷ ಆಗಿತ್ತು.

ಅವರು ಬೈಯಲಿಲ್ಲ. “ಪೂರ್ತಿ ಹೋಗಿದೆಯಾ ಅಣ್ಣಾ?” ಎಂದಷ್ಟೇ ಕೇಳಿದರು. ನಾವಿಬ್ಬರೂ ಕೂತು ಮೊದಲಿನಿಂದ ಕೇಳಿದೆವು. ಎರಡೂ ಬದಿ. ಮುಂದಕ್ಕೆ ಓಡಿಸಲು ನನಗೆ ಧೈರ್ಯ ಬರಲಿಲ್ಲ. ಹದಿಮೂರು ಹಾಡೂ ಮುಗಿದವು. ‘ಟಕ್’ ಎಂದು ಒಂದು ಸದ್ದು, ಆಮೇಲೆ ಮಳೆ. ಹಂಚಿನ ಮೇಲೆ ಬೀಳುವ ಮಳೆ. ಎಲ್ಲೋ ಹಿತ್ತಲಲ್ಲಿ ಕೋಳಿ. ಮುದುಕಿಯೊಬ್ಬಳು ಕೆಮ್ಮಿ ಗಂಟಲು ಸರಿಮಾಡಿಕೊಂಡಳು. ಪಾಡ್ದನ ಆಗಲೇ ಮುಗಿದಿತ್ತು. ಆಕೆ ಕೇಳಿದಳು: “ಕೇಣುಂಡಾ?” ಗಂಡಸಿನ ಸ್ವರ, “ಕೇಣುಂಡು ಅಪ್ಪೇ”, ಕೇಳುತ್ತದೆ ಅಮ್ಮಾ, ಎಂದಿತು. ಟೇಪು ಮುಗಿಯಿತು.

ಇನ್ನೊಮ್ಮೆ ಹಾಕಿ ಎಂದರು. ಮೂರು ಸಲ ಹಾಕಿದೆ. ಎರಡು ನಿಮಿಷಕ್ಕೂ ಕಡಿಮೆ ಇದ್ದ ಆ ತುಂಡನ್ನು ಹೊಸ ಕ್ಯಾಸೆಟ್ಟಿಗೆ ಇಳಿಸಿ, ಮೇಲಂಚಿನ ಎರಡು ಪ್ಲಾಸ್ಟಿಕ್ ಚಕ್ಕೆಗಳನ್ನು ಮುರಿದು ಕೊಟ್ಟೆ. ಆ ಚಕ್ಕೆ ಮುರಿದರೆ ಮತ್ತೆ ಅದರ ಮೇಲೆ ಯಾರೂ ತಿಳಿಯದೆ ರೆಕಾರ್ಡ್ ಮಾಡಲಾಗದು. ಇಷ್ಟು ಸಣ್ಣ ಸಂಗತಿಯನ್ನು ಏಳು ವರ್ಷದಲ್ಲಿ ಒಬ್ಬ ಗಿರಾಕಿಗೂ ನಾನು ಹೇಳಿಕೊಟ್ಟಿರಲಿಲ್ಲ.

ನಾನು ಕೇಳಲಿಲ್ಲ. ಹಾಕಿ ಕೇಳಲೂ ಇಲ್ಲ, ಬಾಯಿ ಬಿಟ್ಟು ಕೇಳಲೂ ಇಲ್ಲ. ಎರಡಕ್ಕೂ ಒಂದೇ ಮಾತು ಯಾಕೆ ಎಂದು ನನಗೆ ಅರ್ಥವಾಗತೊಡಗಿದ್ದು ಆಗ.

ಮುಂದೆ ಬಹಳ ದಿನ ಒಂದು ಸಮಾಧಾನ ಹುಡುಕಿದೆ. ಅದೇ ಸುಮಾರಿಗೆ, 1990ರ ಡಿಸೆಂಬರಿನಲ್ಲಿ, ಬೆಳ್ತಂಗಡಿ ತಾಲೂಕಿನ ಗೋಪಾಲ ನಾಯ್ಕರು ಹಾಡಿದ ಸಿರಿಯ ಮಹಾಕಾವ್ಯವನ್ನು ಫಿನ್‌ಲ್ಯಾಂಡಿನ ಲೌರಿ ಹೊಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡರ ಜೊತೆಗೂಡಿ ದಾಖಲು ಮಾಡಿದ್ದರು. 15,683 ಸಾಲು. 1998ರಲ್ಲಿ ಅದು ಪುಸ್ತಕವಾಗಿ ಬಂತು. ಪಾಡ್ದನ ಹೇಳುವವರ ಮನಸ್ಸಿನಲ್ಲಿ ಸಿರಿಯ ಕಥೆ ಕಲ್ಲಿನಲ್ಲಿ ಕೊರೆದ ಹಾಗೆ ಇರುವುದಿಲ್ಲ, ಪ್ರತಿ ಸಲವೂ ಅದು ಹೊಸದಾಗಿ ಹುಟ್ಟುತ್ತದೆ ಎಂದು ಆ ವಿದ್ವಾಂಸರು ತೋರಿಸಿಕೊಟ್ಟರು. ಹಾಗಿದ್ದರೆ ನಾನು ಅಳಿಸಿದ್ದು ಸಿರಿಯನ್ನಲ್ಲ, ಸಿರಿಯ ಸಾವಿರ ಹುಟ್ಟುಗಳಲ್ಲಿ ಒಂದನ್ನು ಮಾತ್ರ ಎಂದು ಹೇಳಿಕೊಂಡೆ. ಸುಳ್ಳಲ್ಲ. ಆದರೆ ಸಮಾಧಾನವೂ ಅಲ್ಲ. ಆ ಮನೆಯವರಿಗೆ ಬೇಕಾದದ್ದು ಮಹಾಕಾವ್ಯವಲ್ಲ. ಆ ಮಧ್ಯಾಹ್ನ, ಆ ಮಳೆ, ಮಗ ಎದುರು ಕೂತಿದ್ದಾನೆಂದು ತಾಯಿ ಬೇಕೆಂದೇ ಎಳೆದು ಹೇಳಿರಬಹುದಾದ ಯಾವುದೋ ಒಂದು ಸೊಲ್ಲು. ಕಥೆ ಎಲ್ಲರದ್ದು; ಹೇಳಿದ ರೀತಿ ಕೇಳಿದವನಿಗೆಂದು ಹುಟ್ಟಿದ್ದು.

ನಂದಳಿಕೆ ಎಂದರೆ ಮುದ್ದಣನ ಊರು. 1870ರಲ್ಲಿ ಹುಟ್ಟಿ 1901ರಲ್ಲಿ ಹೋದ ಆ ಕವಿ ‘ಶ್ರೀರಾಮಾಶ್ವಮೇಧ’ವನ್ನು ಮಳೆಗಾಲದಲ್ಲಿ ಹೆಂಡತಿ ಮನೋರಮೆಗೆ ಹೇಳಿದ ಕಥೆಯಾಗಿ ಕಟ್ಟಿದ. ಆಕೆ ಕೇಳುತ್ತಾಳೆ, ನಡುವೆ ತಡೆಯುತ್ತಾಳೆ, ತಕರಾರು ತೆಗೆಯುತ್ತಾಳೆ, ಮತ್ತೆ ಕೇಳುತ್ತಾಳೆ. ಅಶ್ವಮೇಧದ ಕುದುರೆಗಿಂತ ನಮಗೆ ನೆನಪಿರುವುದು ಆ ಕೇಳುವ ಹೆಣ್ಣೇ. ಮನೋರಮೆ ಇಲ್ಲದೆ ಆ ಕಥೆಯನ್ನು ಓದಿ ನೋಡಿ. ಪುಟ ಇರುತ್ತದೆ, ದೀಪ ಇರುವುದಿಲ್ಲ.

ಆ ಘಟನೆಯ ನಂತರ ಅಂಗಡಿಯ ಕ್ರಮ ಬದಲಾಯಿತು. ಉಡುಪಿಯ ಎಂಜಿಎಂ ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ಕಟ್ಟಿದ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರದವರು ಊರೂರು ತಿರುಗಿ ಪಾಡ್ದನ, ಕುಣಿತ, ಆಟಗಳನ್ನು ಹಿಡಿದಿಡುತ್ತಿದ್ದರು. ಹಾಡಿನಷ್ಟೇ ಮುಖ್ಯ ಅದರ ಜೊತೆಗಿಡುವ ಚೀಟಿ ಎಂಬುದನ್ನು ನಾನು ಅಂಥ ಕೆಲಸ ನೋಡಿ ಕಲಿತೆ. ಯಾರು ಹೇಳಿದರು, ಎಲ್ಲಿ, ಯಾವಾಗ. ನಾನು ಇನ್ನೊಂದು ಸಾಲು ಸೇರಿಸಿಕೊಂಡೆ: ಯಾರು ಎದುರಿಗಿದ್ದರು. ಮನೆಯಲ್ಲಿ ಹಿಡಿದ ಯಾವ ಕ್ಯಾಸೆಟ್ ಬಂದರೂ ಈ ನಾಲ್ಕು ಕೇಳಿ ಬರೆದೇ ಮುಂದಿನ ಕೆಲಸ. ಬೇಸರ ಮಾಡಿಕೊಂಡವರೂ ಇದ್ದಾರೆ. “ಹಾಡಿದ್ರೆ ಸಾಲ್ದಾ, ಇದೆಲ್ಲ ಎಂತಕ್ಕೆ?” ಎನ್ನುತ್ತಲೇ ಹೇಳತೊಡಗಿ, ಸಂಜೆಯವರೆಗೆ ಕೂತವರೂ ಇದ್ದಾರೆ.

ನಾವಡರು ತೀರಿಕೊಂಡ ಆ ಮೇ ತಿಂಗಳನ್ನು ನಾನು ಮರೆಯುವುದಿಲ್ಲ. ಇದ್ದ ಕ್ಯಾಸೆಟ್ಟೆಲ್ಲ ಎರಡೇ ದಿನದಲ್ಲಿ ಖಾಲಿ. ಕೊಂಡವರು ಆಗಲೇ ಹಾಕಿ ಎಂದರು, ಆದರೆ ಪದ ಏರುತ್ತಿದ್ದಂತೆ ಕೆಲವರು ಹೊರಗೆ ಹೋಗಿ ನಿಂತರು. ತುಳುನಾಡಿನಲ್ಲಿ ಕಾಣದ ಲೋಕವನ್ನು ಮಾಯ ಎನ್ನುತ್ತೇವೆ, ಕಣ್ಣೆದುರು ಬರುವುದನ್ನು ಜೋಗ ಎನ್ನುತ್ತೇವೆ. ದೈವ ಮಾಯದಲ್ಲಿರುತ್ತದೆ; ಕರೆದರೆ, ಕೇಳುವವರು ಸೇರಿದರೆ, ಜೋಗಕ್ಕೆ ಬರುತ್ತದೆ. ಕಂದು ಬಣ್ಣದ ಆ ಟೇಪಿನಲ್ಲಿ ಸ್ವರ ಇರುವುದು ಮಾಯದಲ್ಲಿ. ಅದನ್ನು ಬೆಳಕಿಗೆ ಹಿಡಿದು ನೋಡಿದರೆ ಏನೂ ಕಾಣುವುದಿಲ್ಲ. ಚಂಡೆಮದ್ದಲೆಯ ನಡುವೆ ಅವರನ್ನು ಕಂಡವರಿಗೆ ಆ ಸ್ವರದೊಟ್ಟಿಗೆ ರಂಗಸ್ಥಳವೇ ಎದ್ದು ಬರುತ್ತಿತ್ತು. ಕಾಣದವರಿಗೆ ಬರುತ್ತಿದ್ದುದು ಸ್ವರ ಮಾತ್ರ. ಅದೂ ಸಣ್ಣದಲ್ಲ.

ಈಗ ಯಾರೂ ‘ಕಾಳಿಂಗನದ್ದು ಉಂಟಾ’ ಎಂದು ಕೇಳಬೇಕಾಗಿಲ್ಲ. ಇಡೀ ರಾತ್ರಿಯ ಆಟ ಫೋನಿನಲ್ಲಿದೆ. ದೂರದೇಶದಲ್ಲಿರುವ ನನ್ನ ಸೋದರಳಿಯ ಅಡುಗೆ ಮಾಡುತ್ತಾ ಮಂದಾರ್ತಿ ಮೇಳದ ಪದ ಕೇಳುತ್ತಾನೆ. ನನ್ನ ಅಪ್ಪ ಇದನ್ನು ಕಂಡಿದ್ದರೆ ಕೈಮುಗಿಯುತ್ತಿದ್ದರು. ಮುಂಬೈಯ ರಿದಮ್ ಹೌಸಿನಂಥ ಅಂಗಡಿಯೇ 2016ರ ಫೆಬ್ರವರಿ 29ರಂದು ಬಾಗಿಲು ಹಾಕಿದ ಮೇಲೆ ನನ್ನಂಥವನು ಲೆಕ್ಕಕ್ಕಿಲ್ಲ. ನನ್ನ ಚಿಂತೆ ವ್ಯಾಪಾರದ್ದಲ್ಲ. ಫೋನು ನೀವು ಕೇಳುವ ಮೊದಲೇ ಮುಂದಿನದನ್ನು ಕೇಳಿಸುತ್ತದೆ. ಕೇಳದೆಯೇ ಕೇಳುವುದು ಸಾಧ್ಯವಾಗಿದೆ. ನಮ್ಮ ಭಾಷೆ ಬೇರೆ ಮಾಡದೆ ಇಟ್ಟಿದ್ದ ಎರಡು ಅರ್ಥಗಳು ನನ್ನ ಕಣ್ಣೆದುರೇ ಬೇರೆಯಾಗುತ್ತಿವೆ. ಅಂಗಡಿಯಲ್ಲಿ ಒಬ್ಬರು ಕೇಳಿದ್ದನ್ನು ಪಕ್ಕದಲ್ಲಿ ನಿಂತವರೂ ಕೇಳಬೇಕಾಗುತ್ತಿತ್ತು. ಶೇಣಿಯವರ ಬಪ್ಪ ಬ್ಯಾರಿಯ ಪಾತ್ರವನ್ನು ಭಟ್ಟರೊಬ್ಬರು ಕೇಳಿ ಹಾಕಿಸಿದರೆ, ಮೀನು ವ್ಯಾಪಾರದ ಬ್ಯಾರಿಯವರು ತಮ್ಮ ಕೆಲಸ ಮರೆತು ಕೊನೆಯವರೆಗೆ ನಿಂತದ್ದನ್ನು ಕಂಡಿದ್ದೇನೆ. ಅವರಾಗಿ ಅದನ್ನು ಕೇಳುತ್ತಿರಲಿಲ್ಲ.

ಮಣಿಪಾಲದಿಂದ ವಿದ್ಯಾರ್ಥಿಗಳು ಬರುತ್ತಾರೆ. ದೇಶದ ಎಲ್ಲ ಮೂಲೆಯ ಮಕ್ಕಳು. ಎಲ್‌ಪಿಯ ಚಿತ್ರ ಚಂದ ಎಂದು ಗೋಡೆಗೆ ತೂಗು ಹಾಕಲು ಒಯ್ಯುವವರಿದ್ದಾರೆ. ಅದರಲ್ಲೂ ತಪ್ಪಿಲ್ಲ, ದೇವರ ಪಟವೂ ಗೋಡೆಯ ಮೇಲೆಯೇ ಇರುತ್ತದೆ. ಒಬ್ಬಳು ಹುಡುಗಿ ಪ್ಲೇಟು ತಿರುಗುವಾಗ ಬಗ್ಗಿ ನೋಡಿ, ಈ ಚಟಪಟ ಸದ್ದು ಎಲ್ಲಿಂದ ಎಂದು ಕೇಳಿದಳು. ಇದನ್ನು ಮೊದಲು ಇಟ್ಟುಕೊಂಡಿದ್ದವರ ಮನೆಯ ಧೂಳು, ಅವರು ಹಾಡಿಸಿದ ಗೀರು ಎಂದೆ. ಅವರ ಹೆಸರೇನು ಎಂದು ಕೇಳಿದಳು. ಅಟ್ಟೆಯ ಒಳಮೈಯಲ್ಲಿ ಪೆನ್ಸಿಲಿನಿಂದ ಬರೆದಿತ್ತು. ಓದಿ ಹೇಳಿದೆ.

ಕಳೆದ ಮಳೆಗಾಲ ಮನೆ ಖಾಲಿ ಮಾಡುವವರೊಬ್ಬರು ಒಂದು ಚೀಲ ತಾಳಮದ್ದಲೆಯ ಕ್ಯಾಸೆಟ್ ತಂದು ಕೊಟ್ಟರು. ಒಂದರ ಮೇಲೆ ‘ವಾಲಿ’ ಎಂದಷ್ಟೇ ಇತ್ತು. ಮುಂದಿನ ವಾರ ಕಾರ್ಕಳದಿಂದ ಬಂದ ನಿವೃತ್ತ ಮಾಸ್ತರರು ಅದನ್ನು ಕಂಡು, “ಹಾಕಿ ನೋಡುವ” ಎಂದರು. ನಾಲ್ಕು ಮಾತು ಕೇಳಿದ್ದೇ ತಡ, ಅವರಿಗೆ ಗುರುತು ಸಿಕ್ಕಿತು. ಅದು ತಾನು ಎದುರು ಕೂತು ಕೇಳಿದ ಕೂಟ. ಯಾವ ಚಪ್ಪರ, ಯಾರ ಮನೆಯ ಪೂಜೆ ಎಂದೂ ಹೇಳಿದರು. ಚೀಟಿಯ ನಾಲ್ಕು ಸಾಲೂ ತುಂಬಿದವು.

ಬಾಣ ಬಿದ್ದ ವಾಲಿ ರಾಮನನ್ನು ಕೇಳುತ್ತಿದ್ದ. ಮರೆಯಲ್ಲಿ ನಿಂತು ಹೊಡೆದದ್ದು ಯಾಕೆ, ನಿನಗೂ ನನಗೂ ಯಾವ ಹಗೆ ಎಂದು ಒಂದರ ಮೇಲೊಂದು ಪ್ರಶ್ನೆ. ಚಪ್ಪರ ಉಸಿರು ಬಿಗಿ ಹಿಡಿದದ್ದು ಕ್ಯಾಸೆಟ್ಟಿನಲ್ಲೂ ತಿಳಿಯುತ್ತಿತ್ತು. ರಾಮನ ಪಾತ್ರಧಾರಿ ಗಂಟಲು ಸರಿಮಾಡಿಕೊಂಡರು. 45 ನಿಮಿಷ ಮುಗಿದು ಗುಂಡಿ ‘ಟಕ್’ ಎಂದು ಮೇಲೆ ಎದ್ದಿತು. ಹಿಡಿದವರು ಕ್ಯಾಸೆಟ್ ತಿರುಗಿಸಿ ಹಾಕುವಷ್ಟರಲ್ಲಿ ಆ ಉತ್ತರ ಹೋಗಿತ್ತು.

ನಾನು ಕ್ಯಾಸೆಟ್ ಹೊರಗೆ ತೆಗೆದೆ. ಮಾಸ್ತರರು ಕೈ ಅಡ್ಡ ಹಿಡಿದು, “ನಿಲ್ಲಿ” ಎಂದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೀದಿಯ ಕಡೆಗೆ ಬೆನ್ನು ಮಾಡಿ, ವಾಲಿ ಅಲ್ಲೇ ಕೆಳಗೆ ಬಿದ್ದಿದ್ದಾನೋ ಎಂಬಂತೆ ನೆಲ ನೋಡುತ್ತಾ, ಮೂವತ್ತು ವರ್ಷದ ಹಿಂದೆ ಕೇಳಿದ್ದ ರಾಮನ ಉತ್ತರವನ್ನು ಹೇಳತೊಡಗಿದರು. ಹೊರಗೆ ಮಳೆಗೆ ನಿಂತಿದ್ದ ಇಬ್ಬರು ಒಳಗೆ ಬಂದರು. ಹೇಳಿ ಮುಗಿಯುವವರೆಗೆ ನಾನು ಕ್ಯಾಸೆಟ್ಟನ್ನು ಕೈಯಲ್ಲೇ ಹಿಡಿದಿದ್ದೆ. ಆಮೇಲೆ ಅವರು ತಲೆಯಾಡಿಸಿದರು. ನಾನು ಎರಡನೆಯ ಬದಿ ಹಾಕಿದೆ.